ಇಳಿಯದ ಕಲ್ಲು

"ನಿಮ್ಮ ಕಲ್ಲು ಇನ್ನೂ ಮೇಲೇ ಇದೆಯಲ್ಲಮ್ಮ, ಯಾವಾಗ ಇಳಿಸ್ತೀರಿ?" ಎಂದು ಮೇಷ್ಟ್ರು ಉತ್ತರಪತ್ರಿಕೆ ಎತ್ತಿ ಹಿಡಿದಾಗ ಸಂಜೆ ಶಾಲೆಯ ಬೆಂಚುಗಳೆಲ್ಲ ನಕ್ಕವು. ಹಿರಿಸೊಸೆಯೂ ನಕ್ಕಳು. ಆ ಮಾತು ತನಗೇ ಹೇಳಿದ್ದು ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

ಮೇಲಕ್ಕೆ ಎಸೆದ ಕಲ್ಲಿನ ಲೆಕ್ಕ ಅದು. ಎಷ್ಟು ಎತ್ತರ ಹೋಗುತ್ತದೆ, ಎಷ್ಟು ಹೊತ್ತಿಗೆ ಕೈಗೆ ಮರಳುತ್ತದೆ. ಏರುವ ಭಾಗವನ್ನು ಅಚ್ಚುಕಟ್ಟಾಗಿ ಮಾಡಿದ್ದಳು. ತುದಿ ಮುಟ್ಟಿದಾಗ ವೇಗ ಸೊನ್ನೆ, ಅದೂ ಸರಿ. ಆದರೆ ಅಲ್ಲಿ ಭೂಮಿಯ ಎಳೆತವನ್ನೂ ಸೊನ್ನೆ ಎಂದು ಹಾಕಿಬಿಟ್ಟಿದ್ದಳು. ಎಳೆಯುವವರೇ ಇಲ್ಲದ ಮೇಲೆ ಕಲ್ಲು ಯಾಕೆ ಇಳಿದೀತು? ಮುಂದಿನ ಲೆಕ್ಕಗಳೂ ಒಂದರ ಹಿಂದೊಂದು ಅದೇ ಹಳ್ಳಕ್ಕೆ ಬಿದ್ದಿದ್ದವು.

"ಏರುವಾಗ್ಲೂ ಎಳೆತ ಅಷ್ಟೇ, ನಿಂತಾಗ್ಲೂ ಅಷ್ಟೇ, ಇಳಿಯುವಾಗ್ಲೂ ಅಷ್ಟೇ. ಅವತ್ತು ಪಾಠ ಪೂರ್ತಿ ಇದನ್ನೇ ಬಡ್ಕೊಂಡೆನಲ್ಲ!"

"ಅವತ್ತು ನಾನು ಬಂದಿರಲಿಲ್ಲ ಸಾರ್."

"ನಿಮ್ಮ ವಾರಗಿತ್ತಿ ಇದ್ದರಲ್ಲ? ಈ ಪ್ರಶ್ನೆ ಎದ್ದು ಕೇಳಿದ್ದೇ ಅವರು. ಆಮೇಲೆ ಬೋರ್ಡಿಗೇ ಬಂದು ಬಿಡಿಸಿ ತೋರಿಸಿದ್ರು. ಪರೀಕ್ಷೇಲೂ ನೋಡಿ, ಒಂದು ತಪ್ಪಿಲ್ಲ."

ಪಕ್ಕದಲ್ಲಿ ಕೂತಿದ್ದ ವಾರಗಿತ್ತಿ ಪೆನ್ಸಿಲ್ಲಿನ ಮೊನೆಯನ್ನೇ ನೋಡುತ್ತಿದ್ದಳು.

ಅಣ್ಣತಮ್ಮಂದಿರ ಹೆಂಡಿರು ಇಬ್ಬರೂ. ಒಂದೇ ಕಟ್ಟಡದಲ್ಲಿ ಕೆಲಸ. ಹಿರಿಯಳು ಕೆಳಗೆ ನಿಂತು ಇಟ್ಟಿಗೆ ಎಸೆಯುತ್ತಾಳೆ, ಕಿರಿಯಳು ಅಟ್ಟಣಿಗೆಯ ಮೇಲೆ ಹಿಡಿಯುತ್ತಾಳೆ. ಎಸೆದೆಸೆದು ಹಿರಿಯಳ ಭುಜ ಸವೆದಿತ್ತು. ಬೆಳಿಗ್ಗೆ ತಲೆ ಬಾಚಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ಕಟ್ಟಡದ ಉಗ್ರಾಣ ನೋಡಿಕೊಳ್ಳಲು ಒಬ್ಬರು ಬೇಕು, ಈ ಪರೀಕ್ಷೆಯಲ್ಲಿ ಇಬ್ಬರಲ್ಲಿ ಯಾರು ಮುಂದೋ ಅವರಿಗೇ ಆ ಕುರ್ಚಿ ಎಂದು ಗುತ್ತಿಗೆದಾರ ಹೇಳಿದಂದಿನಿಂದ ಅವಳು ಪುಸ್ತಕ ಕೆಳಗಿಟ್ಟಿರಲಿಲ್ಲ.

ಇಟ್ಟಿಗೆ ಹಿಡಿಯುವುದಕ್ಕೂ ಒಂದು ಹದವಿದೆ. ಅದು ಏರಿ ಏರಿ ಸುಸ್ತಾಗಿ, ಇನ್ನೇನು ಮರಳಬೇಕು ಎನ್ನುವಾಗ ಅಂಗೈ ಕೊಡಬೇಕು. ಬೇಗ ಹಿಡಿದರೆ ಬೆರಳು ಜಜ್ಜುತ್ತದೆ, ತಡವಾದರೆ ಕೆಳಗಿನವಳ ತಲೆ.

"ಆಗ ಅದು ಹೂವು ಇದ್ದಂಗೆ ಇರುತ್ತೆ ಅಕ್ಕ. ಅಲ್ಲಿ ಎಳೆತಾನೇ ಇರಲ್ಲ" ಎಂದು ಕಿರಿಯಳು ವಾದಿಸಿದ್ದಳು.

"ಇಲ್ದಿದ್ರೆ ಆಮೇಲೆ ಬೀಳೋದು ಯಾಕೆ ಮತ್ತೆ?"

ಮೇಷ್ಟ್ರನ್ನೇ ಕೇಳುವುದೆಂದು ಇಬ್ಬರೂ ಒಪ್ಪಿದ್ದರು. ಕೇಳಬೇಕಾದ ದಿನವೇ ಕಿರಿಯಳ ಮಗಳಿಗೆ ಜ್ವರ. "ನೀನು ಹೋಗಿ ಬಾ, ಒಬ್ಬರಾದ್ರೂ ಪಾಠ ಕೇಳೋಣ" ಎಂದು ಹಿರಿಯಳು ಮಗುವಿನ ಹಣೆಗೆ ಒದ್ದೆಬಟ್ಟೆ ಹಾಕುತ್ತ ಕೂತಳು. ಮರಳಿ ಬಂದ ಕಿರಿಯಳು ಹಣೆ ಮುಟ್ಟಿ ನೋಡಿ, "ಸದ್ಯ, ಬಿಟ್ಟಿದೆ" ಎಂದು ಉಸಿರು ಬಿಟ್ಟು, ಆಮೇಲೆ ಹೇಳಿದ್ದಳು: "ನಾನಂದಿದ್ದೇ ಸರಿಯಂತೆ ಅಕ್ಕ. ತುದೀಲಿ ಎಲ್ಲಾ ಸೊನ್ನೆ."

ಈಗ ಶಾಲೆಯಿಂದ ಮನೆಗೆ ನಡೆಯುವಾಗ ಬೀದಿನಲ್ಲಿಯ ಹತ್ತಿರ ಹಿರಿಯಳು ನಿಂತಳು.

"ಯಾಕೆ ಹಂಗೆ ಹೇಳ್ದೆ?"

"ಮಗು ಚಿಂತೇಲಿ ತಲೆ ಕೆಟ್ಟೋಗಿತ್ತು ಅಕ್ಕ. ಏನೋ ಹೇಳ್ಬಿಟ್ಟೆ."

"ಜ್ವರ ಬಿಟ್ಟಿದೆ ಅಂತ ನೋಡ್ಕೊಂಡ ಮೇಲೇ ಅಲ್ವೇನೆ ಹೇಳಿದ್ದು?"

ಕಿರಿಯಳು ನಲ್ಲಿಯ ಕೆಳಗಿನ ಕೆಸರು ನೋಡಿದಳು. ಆಮೇಲೆ ತಲೆ ಎತ್ತಿದಳು. "ಸರಿಯಾಗಿ ಹೇಳಿದ್ರೆ ಕುರ್ಚಿ ನಿಂದೇ ಆಗ್ತಿತ್ತು. ನಾನು ತಲೆಕೆಳಗಾಗಿ ನಿಂತ್ರೂ ನಿನ್ನ ಸಮ ಆಗ್ತಿದ್ನಾ? ನೀನೇ ಹೇಳು."

ಹಿರಿಯಳಿಗೆ ಪರೀಕ್ಷೆಯ ಕೋಣೆ ಕಣ್ಣ ಮುಂದೆ ಬಂತು. ಎಳೆತ ಸೊನ್ನೆ ಎಂದು ಬರೆಯುವಾಗ ಕೈ ತಡೆದಿತ್ತು. ಬೀಳಲೇಬೇಕಲ್ಲ ಕಲ್ಲು, ಎಂದು ಮನಸ್ಸು ಒಂದೇ ಸಮನೆ ಬಡಿದುಕೊಂಡಿತ್ತು. ನಮ್ಮವಳು ಹೇಳಿದ್ದಾಳಲ್ಲ, ಸುಮ್ಮನಿರು, ಎಂದು ಅದರ ಬಾಯಿ ಮುಚ್ಚಿಸಿದವಳು ಅವಳೇ.

ಕಿರಿಯಳು ಉಗ್ರಾಣ ಸೇರುವುದು ಮುಂದಿನ ವಾರದಿಂದ. ಮರುದಿನ ಬೆಳಿಗ್ಗೆ ಎಂದಿನಂತೆ ಅಟ್ಟಣಿಗೆ ಹತ್ತಿ, ಅಂಚಿಗೆ ಬಂದು ಎರಡೂ ಕೈ ಚಾಚಿದಳು.

"ಹಾಕು ಅಕ್ಕ."

ಹಿರಿಯಳು ಆ ಕೈಗಳನ್ನೊಮ್ಮೆ ನೋಡಿ, ಮೂಲೆಯಲ್ಲಿದ್ದ ಬಾಂಡ್ಲಿ ಎಳೆದುಕೊಂಡು ಅದರೊಳಗೆ ಇಟ್ಟಿಗೆ ಜೋಡಿಸಿದಳು. ತಲೆಗೆ ಸಿಂಬೆ ಇಟ್ಟುಕೊಂಡಳು. ಹೊರೆ ಎತ್ತುವಾಗ ಭುಜ ಕಿತ್ತುಬಂದಂತಾಗಿ ಒಮ್ಮೆ ಕಣ್ಣು ಮುಚ್ಚಿದಳು, ಆಮೇಲೆ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

"ಏನಮ್ಮಾ ಇದು ಹೊಸ ವೇಷ!" ಗಾರೆ ಮೇಸ್ತ್ರಿ ಮೇಲಿಂದ ಕೂಗಿದ. "ಹಿಂಗೆ ಹೊತ್ಕೊಂಡು ಬಂದ್ರೆ ಗೋಡೆ ಏಳೋದು ನಿಮ್ಮ ಮೊಮ್ಮಕ್ಕಳ ಕಾಲಕ್ಕೆ!"

ಅವಳು ಹತ್ತಿ ಬಂದು ಬಾಂಡ್ಲಿಯನ್ನು ಮೇಸ್ತ್ರಿಯ ಕಾಲ ಬಳಿ ಇಳಿಸಿದಳು. ಒಂದೊಂದೇ ಇಟ್ಟಿಗೆ ತೆಗೆದು ಗೋಡೆಯ ಪಕ್ಕಕ್ಕೆ ಜೋಡಿಸಿದಳು, ಖಾಲಿ ಬಾಂಡ್ಲಿ ಕಂಕುಳಲ್ಲಿಟ್ಟು ಮತ್ತೆ ಇಳಿದಳು. ಅಟ್ಟಣಿಗೆಯ ಅಂಚಿನಲ್ಲಿ ಕಿರಿಯಳ ಕೈಗಳು ಚಾಚಿದಂತೆಯೇ ಇದ್ದವು. ಅಂಗೈಗಳ ಮೇಲೆ ಬಿಸಿಲು ಬಿದ್ದಿತ್ತು.