ಸೀಮೆಸುಣ್ಣದ ತಾರೀಕು

ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಚಹಾ ಕುದಿಯುತ್ತಿತ್ತು. ಹತ್ತು ವರ್ಷದ ಹಿಂದೆ ಕಲ್ಲಿದ್ದಲು ಗಣಿಯ ಸ್ಫೋಟದಲ್ಲಿ ಸತ್ತವರಿಗೆ ಊರಿನವರು ನೆನಪಿನ ಕಲ್ಲು ನಿಲ್ಲಿಸುವವರಿದ್ದರು. ಕೆತ್ತಿಸಬೇಕಾದ ಹೆಸರುಗಳನ್ನು, ಪಟ್ಟಿ ಮಾಡಿದ್ದ ಹಾಪ್ಕಿನ್ ಓದಿ ಮುಗಿಸಿದ. ಅರವತ್ತೆರಡು. ಸತ್ತವರು ಅರವತ್ತಮೂರು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಪಟ್ಟಿಯಲ್ಲಿ ಬಿಟ್ಟ ಹೆಸರು ಇಥೆಲ್‌ನದು. ಅವನ ಹೆಣದ ಜೇಬಿನಲ್ಲಿ, ಗಣಿಯೊಳಗೆ ಒಯ್ಯಬಾರದ ಬೆಂಕಿಪೆಟ್ಟಿಗೆ ಸಿಕ್ಕಿದ್ದೇ ತಡ, ವಿಚಾರಣೆಯವರು ಎಲ್ಲ ಸಾವುಗಳನ್ನೂ ಅವನ ತಲೆಗೆ ಕಟ್ಟಿದ್ದರು. ಅವನ ಹೆಂಡತಿ ಮಾರ್ಗೆಡ್ ಈಗ ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದಳು.

"ಅಷ್ಟೇನಾ ಹಾಪ್ಕಿನ್?" ಎಂದಳು.

"ಬೇಜಾರು ಮಾಡ್ಕೋಬೇಡ ಅಕ್ಕಾ. ನನ್ನ ಇಬ್ಬರು ತಮ್ಮಂದಿರು ಹೋದ್ರು. ಅವರ ಪಕ್ಕ ಅವನ ಹೆಸರು ನೋಡೋಕೆ ನನ್ನ ಕೈಲಾಗಲ್ಲ."

"ಮನೆಗೆ ತಂದ ಪೆಟ್ಟಿಗೆ ಕಣೋ, ಜೇಬಲ್ಲೇ ಮರೆತಿದ್ರು. ಒಂದು ಕಡ್ಡಿನೂ ಗೀರಿರ್ಲಿಲ್ಲ!"

ಮೂಲೆಯಲ್ಲಿ ಇಡ್ವಲ್ ಕೂತಿದ್ದ. ಗಣಿಯಲ್ಲಿ ಅನಿಲ ಪರೀಕ್ಷಿಸುವುದು ಅವನ ಕೆಲಸವಾಗಿತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಇಳಿದು, ಸಿಡಿಯುವ ಅನಿಲವಿದ್ದರೆ ನೀಲಿಯಾಗುವ ದೀಪದ ಕುಡಿಯನ್ನು ನೋಡಿ, ಅಪಾಯವಿಲ್ಲದಿದ್ದರೆ ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆಯಬೇಕು. ಅದನ್ನು ನೋಡಿಯೇ ಆಳುಗಳು ಒಳಗೆ ಕಾಲಿಡುತ್ತಿದ್ದರು. ಆದರೆ ದೂರದ ಮೂಲೆಗಳಿಗೆ ದಿನಾ ಹೋಗುವವರಾರು? ಹಿಂದಿನ ದಿನವೇ ಮರುದಿನದ ತಾರೀಕು ಬರೆದಿಡುವುದು ಅವನಿಗೆ ರೂಢಿಯಾಗಿತ್ತು. ಬೆಂಕಿಪೆಟ್ಟಿಗೆ ಸಿಕ್ಕಿತೆಂದು ಕೇಳಿದಾಗ ಅವನಿಗೆ ಸಮಾಧಾನವಾಗಿತ್ತು. ಆ ಸಮಾಧಾನ ನೆನೆದರೆ ಇಂದಿಗೂ ತನ್ನ ಮೇಲೆ ತನಗೇ ಹೇಸಿಗೆ.

ಮಾರ್ಗೆಡ್ ಅವನ ಮುಂದೆ ಬಟ್ಟಲಿಟ್ಟಳು. "ಸಕ್ಕರೆ ಜಾಸ್ತಿ ಹಾಕಿದೀನಿ ಇಡ್ವಲಣ್ಣಾ. ಕೆಮ್ಮು ಹೇಗಿದೆ?"

ಅವನಿಗೆ ತಡೆಯಲಾಗಲಿಲ್ಲ.

"ಹಾಪ್ಕಿನ್, ಇಥೆಲ್ ಹೆಸರು ಬರ್ಕೋ. ಅವತ್ತು ನಾನು ಸ್ಫೋಟ ಆದ ಮೂಲೆಗೆ ಹೋಗೇ ಇರ್ಲಿಲ್ಲ. ತಾರೀಕು ಹಿಂದಿನ ದಿನಾನೇ ಬರೆದಿಟ್ಟಿದ್ದೆ. ಅದನ್ನ ನಂಬ್ಕೊಂಡು ಎಲ್ರೂ ಒಳಗೆ ಹೋದ್ರು."

ಹಾಪ್ಕಿನ್ ಪೆನ್ಸಿಲನ್ನು ಕೆಳಗಿಟ್ಟ.

"ನನ್ನ ತಮ್ಮಂದಿರೂ ಅದನ್ನೇ ನೋಡಿದ್ರಾ?"

"ಹೂಂ."

"ಹತ್ತು ವರ್ಷ ಪ್ರಾರ್ಥನೇಲಿ ನನ್ನ ಪಕ್ಕದಲ್ಲೇ ಕೂತು ಹಾಡ್ತಿದ್ಯಲ್ಲೋ!"

ಮಾರ್ಗೆಡ್ ಬಟ್ಟಲನ್ನು ಇಡ್ವಲನ ಮುಂದಿನಿಂದ ಎತ್ತಿಕೊಂಡು ಹೋಗಿ ಚಹಾವನ್ನು ಚೆಲ್ಲಿದಳು. ಆಮೇಲೆ ಬಟ್ಟಲನ್ನು ತಿಕ್ಕಿ ತಿಕ್ಕಿ ತೊಳೆದಳು.

ಹಾಪ್ಕಿನ್ ಕಾಗದವನ್ನೂ ಪೆನ್ಸಿಲನ್ನೂ ಇಡ್ವಲನ ಕಡೆಗೆ ತಳ್ಳಿದ.

"ಇಥೆಲ್ ಹೆಸರು ನೀನೇ ಬರಿ. ನೀನು ಮಾಡಿದ್ದನ್ನೂ ಬರೆದು ಸಹಿ ಹಾಕು."

ಇಡ್ವಲ್ ಬರೆದ. ಕೊನೆಗೆ ಗೋಡೆಯ ಕ್ಯಾಲೆಂಡರನ್ನು ಎರಡು ಸಲ ನೋಡಿ, ಅಂದಿನ ತಾರೀಕು ಹಾಕಿದ.