ಪರದೆಯ ಎಡ ಅಂಚು

ಟಿವಿ ಬದಲಾಯಿಸಬೇಕೆಂದು ಹಟ ಹಿಡಿದದ್ದು ಭಾವ. ಸಂಜೆ ಕೆಲಸ ಮುಗಿಸಿ ಬಂದು, ಮೈಮೇಲಿನ ಸಿಮೆಂಟಿನ ಧೂಳು ತೊಳೆದುಕೊಂಡು, ಭಾವ ಮತ್ತು ಭಾವಮೈದುನ ಹಾಲ್‌ನ ಸೋಫಾದಲ್ಲಿ ಅಕ್ಕಪಕ್ಕ ಕೂತು ಟಿವಿಯಲ್ಲಿ ಕಾರ್ ರೇಸ್ ಆಡುವುದು ಆ ಮನೆಯ ಹಳೆಯ ಅಭ್ಯಾಸ. ಆಟದಲ್ಲಿ ಭಾವನದೇ ಮೇಲುಗೈ. ಆದರೆ ಈಚೆಗೆ ಅವನ ಕಾರು ಬದಿಯ ಗೋಡೆಗೆ ಉಜ್ಜುತ್ತಿತ್ತು, ಪಕ್ಕದಿಂದ ಬಂದ ಕಾರಿಗೆ ಗುದ್ದುತ್ತಿತ್ತು. ಸೋತಾಗಲೆಲ್ಲ ಅವನು ರಿಮೋಟನ್ನು ಸೋಫಾದ ಮೇಲೆ ಎಸೆದು, "ಈ ಡಬ್ಬದಲ್ಲಿ ಕತ್ತಲೆ ಬಿಟ್ರೆ ಬೇರೇನಾದ್ರೂ ಕಾಣುತ್ತೇನೋ?" ಎನ್ನುತ್ತಿದ್ದ.

"ಡಬ್ಬ ಅದೇ ಇದೆ ಭಾವ. ಆಡೋನಿಗೆ ವಯಸ್ಸಾಯ್ತು," ಎಂದು ಸೀಟಿ ಕಿಚಾಯಿಸುತ್ತಿದ್ದ.

ಸೀಟಿ ಎಂಬುದು ಭಾವಮೈದುನನ ಅಡ್ಡಹೆಸರು. ಕಟ್ಟಡದ ಕೆಲಸಕ್ಕೆ ಸೇರಿದ ಹೊಸದರಲ್ಲಿ ರೇಡಿಯೋ ಕೆಟ್ಟಾಗಲೆಲ್ಲ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದು ಕ್ರೇನಿಗೆ ಸನ್ನೆ ಮಾಡುತ್ತಿದ್ದ. ಹೆಸರು ಅಂಟಿಕೊಂಡಿತು. ಕ್ರೇನ್ ನಡೆಸುವವನು ಭಾವನೇ. ಆಕಾಶದಲ್ಲಿ ನೇತುಬಿದ್ದ ಗಾಜಿನ ಗೂಡಿನಲ್ಲಿ ಕೂತು ಅವನು ಕಬ್ಬಿಣದ ಸರಳು, ಹಲಗೆ, ಕಾಂಕ್ರೀಟಿನ ಬುಟ್ಟಿಗಳನ್ನು ಎತ್ತಿ ಮಹಡಿಯಿಂದ ಮಹಡಿಗೆ ಇಡುತ್ತಿದ್ದ. ಕೆಳಗೆ ಹೊರೆ ಕಟ್ಟಿ, ಮೇಲೆ ಹೋಗಿ ಇಳಿಸಿಕೊಂಡು, ರೇಡಿಯೋದಲ್ಲಿ "ಎತ್ತು, ನಿಲ್ಲಿಸು, ನಿಧಾನ" ಎನ್ನುವುದು ಸೀಟಿಯ ಕೆಲಸ. ಅಪ್ಪ ಅಮ್ಮ ತೀರಿಕೊಂಡಾಗ ಸ್ಕೂಲಿಗೆ ಹೋಗುತ್ತಿದ್ದ ಅವನನ್ನು ಅಕ್ಕ ತನ್ನ ಜೊತೆ ಕರೆತಂದಳು. ಮದುವೆಯಾಗಿ ಇನ್ನೂ ವರ್ಷ ತುಂಬದ ಭಾವ ಒಂದು ಮಾತೂ ಆಡದೆ ತನ್ನ ಮಂಚ ಅವನಿಗೆ ಬಿಟ್ಟುಕೊಟ್ಟಿದ್ದ. ಸೈಕಲ್ ಕಲಿಸಿದ್ದು, ಗಡ್ಡ ಹೆರೆಯಲು ಕಲಿಸಿದ್ದು, ಕೆಲಸಕ್ಕೆ ಹಚ್ಚಿದ್ದು ಎಲ್ಲ ಅವನೇ.

ಒಂದು ಭಾನುವಾರ ಮೂವರೂ ಟಿವಿ ಅಂಗಡಿಗೆ ಹೋದರು. ಗೋಡೆ ತುಂಬ ಪರದೆಗಳು. ಒಂದರಲ್ಲಿ ಸಮುದ್ರ, ಇನ್ನೊಂದರಲ್ಲಿ ಹೂವು, ಮತ್ತೊಂದರಲ್ಲಿ ಹುಲಿ. ಟೈ ಕಟ್ಟಿದ ಸೇಲ್ಸ್‌ಮನ್ ಉತ್ಸಾಹದಿಂದ ಬೆನ್ನು ಹತ್ತಿದ.

"ಇದು ನೋಡಿ ಸಾರ್, ಕಪ್ಪು ಅಂದ್ರೆ ಶಾಯಿ ಥರ ಕಪ್ಪು. ಸಿನಿಮಾಗೆ ಇದನ್ನ ಮೀರಿಸೋದಿಲ್ಲ. ಆದ್ರೆ ನಿಮ್ಮ ಹಾಲಲ್ಲಿ ಕಿಟಕಿ ಎದುರಿಗೇ ಇದ್ಯಾ?"

"ಇದೆ," ಎಂದಳು ಅಕ್ಕ.

"ಹಾಗಾದ್ರೆ ಹಗಲು ಹೊತ್ತು ಇದರಲ್ಲಿ ನಿಮ್ಮ ಮುಖಾನೇ ನೋಡ್ಕೊಂಡು ಕೂರಬೇಕಾಗುತ್ತೆ. ಆ ಕಡೇದು ತಗೊಳ್ಳಿ. ಬೆಳಕು ಜಾಸ್ತಿ, ಬಿಸಿಲಿಗೂ ಜಗ್ಗಲ್ಲ. ಕಪ್ಪು ಒಂಚೂರು ಬೂದಿ ಬೂದಿ ಅನ್ಸುತ್ತೆ, ಅಷ್ಟೆ. ಗೇಮ್ ಆಡ್ತೀರಾ? ಬಟನ್ ಒತ್ತಿದ ತಕ್ಷಣ ಕಾರು ತಿರುಗುತ್ತೆ, ಒಂದಿಷ್ಟೂ ಹಿಂದೆ ಬೀಳಲ್ಲ."

"ಬೆಳಕು ಜಾಸ್ತಿ ಇರೋದೇ ಬೇಕು," ಎಂದ ಭಾವ. "ಇರೋದ್ರಲ್ಲೇ ದೊಡ್ಡದು ತೋರಿಸಿ."

"ಗೋಡೆ ಒಡೆದು ಥಿಯೇಟರ್ ಕಟ್ತೀಯಾ?" ಎಂದು ಅಕ್ಕ ನಕ್ಕಳು.

ಸೇಲ್ಸ್‌ಮನ್ ಅವರನ್ನು ಕಿಟಕಿ ಮುಚ್ಚಿದ ಒಂದು ಕತ್ತಲೆ ಕೋಣೆಗೆ ಕರೆದೊಯ್ದ. ಒಳಗೆ ಗೋಡೆಯಗಲ ಟಿವಿ, ಸುತ್ತ ಸ್ಪೀಕರು. ತೆರೆಯ ಮೇಲೆ ಯಾವುದೋ ಸುರಂಗದ ದೃಶ್ಯ. ಕಲ್ಲಿನ ಗೋಡೆ, ನೀರು ತೊಟ್ಟಿಕ್ಕುವ ಸದ್ದು. "ಈಗ ಹೇಳಿ, ಮೂಲೆಯಲ್ಲಿ ಯಾರು ನಿಂತಿದ್ದಾರೆ?" ಎಂದ. ಎಡಗಡೆಯ ಅಂಚಿನಲ್ಲಿ, ಕತ್ತಲೆಗೆ ಬೆನ್ನು ಹಚ್ಚಿ ಒಬ್ಬ ಮುದುಕಿ ನಿಂತಿದ್ದಳು. ಅಕ್ಕನಿಗೂ ಸೀಟಿಗೂ ಒಟ್ಟಿಗೇ ಕಂಡಿತು. ಭಾವ "ಹೌದು ಹೌದು, ಚೆನ್ನಾಗಿ ಕಾಣ್ತಾ ಇದೆ" ಎಂದ. ಅವನು ನೋಡುತ್ತಿದ್ದದ್ದು ಬಲಗಡೆಗೆ.

ಆಮೇಲೆ ಅವನು ಹಿಂದೆ ಸರಿಯತೊಡಗಿದ. ಉಳಿದ ಗಿರಾಕಿಗಳೆಲ್ಲ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ಬೆರಗಾಗುತ್ತಿದ್ದರೆ, ಭಾವ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು ನೋಡುತ್ತಿದ್ದ. ಕೊನೆಗೆ ನೆಲದ ಮೇಲಿದ್ದ ದಪ್ಪ ಸ್ಪೀಕರಿಗೆ ಕಾಲು ತೊಡರಿ ಬಿದ್ದ. ಎಲ್ಲರೂ ನಕ್ಕರು, ಭಾವನೂ ನಕ್ಕ. "ಶಬ್ದ ಇಷ್ಟು ಜೋರಿದ್ರೆ ಮನುಷ್ಯ ನಿಲ್ಲೋದೆಲ್ಲಿ?" ಎಂದು ಪ್ಯಾಂಟು ಕೊಡವಿಕೊಂಡ. ಅದೇ ಟಿವಿ ಕೊಂಡರು.

ಅದು ಮನೆಗೆ ಬಂದು ಗೋಡೆ ಹತ್ತಿದ ಮೇಲೆ ಹಾಲ್ ಹಾಡುಹಗಲಿನಂತಾಯಿತು. ಅಕ್ಕ ಕೆಲಸ ಮಾಡುವುದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಅಲ್ಲಿನ ಗೆಳತಿಯರೆಲ್ಲ ಬಂದು ನೋಡಿ ಹೊಟ್ಟೆಯುರಿಸಿಕೊಂಡು ಹೋದರು. ಆದರೆ ಆಟದಲ್ಲಿ ಭಾವ ಮೊದಲಿಗಿಂತ ಕೆಟ್ಟದಾಗಿ ಸೋತ. ಸೋಫಾವನ್ನು ಹಿಂದಿನ ಗೋಡೆಗೆ ತಳ್ಳಿದ. ಅದೂ ಸಾಲದೆ ಕುರ್ಚಿ ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತ.

"ಇನ್ನು ಸ್ವಲ್ಪ ದಿನಕ್ಕೆ ಪಕ್ಕದ ಮನೆಯಿಂದ ನೋಡ್ತಾನೆ," ಎಂದು ಅಕ್ಕ ಅವನನ್ನು ದಾಟಿಕೊಂಡು ಒಳಹೋದಳು.

ಸೀಟಿ ನಗಲಿಲ್ಲ. ಭಾವನ ತಲೆ ಪುಸ್ತಕದ ಸಾಲು ಓದುವವನ ತಲೆಯಂತೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಆಡುತ್ತಿತ್ತು. ಸೀಟಿ ತನ್ನ ಕಾರನ್ನು ಬೇಕೆಂದೇ ಪರದೆಯ ಎಡ ಅಂಚಿಗೆ ತಂದು ಅವನ ಕಾರಿನ ಪಕ್ಕದಲ್ಲೇ ಓಡಿಸಿದ. ಭಾವನಿಗೆ ಗೊತ್ತಾಗಲಿಲ್ಲ. ಸೀಟಿ ಎದ್ದು, ನೀರು ಕುಡಿಯಲು ಹೋಗುವವನಂತೆ ಅವನ ಪಕ್ಕ ನಿಂತು, ಅವನ ಕಿವಿಯ ಮುಂದೆ ಕೈ ಚಾಚಿ ಬೆರಳಾಡಿಸಿದ. ಕೈಯನ್ನು ಕೆನ್ನೆಯ ನೇರಕ್ಕೆ ತಂದ. ಇನ್ನೂ ಮುಂದಕ್ಕೆ ತಂದ. ಭಾವನ ರೆಪ್ಪೆ ಅಲುಗಲಿಲ್ಲ. ಕೈ ಮೂಗಿನ ಎದುರಿಗೆ ಬಂದಾಗಷ್ಟೇ ಅವನು ಬೆಚ್ಚಿ, "ಏಯ್, ಏನೋ ಅದು?" ಎಂದ.

ಸೀಟಿ ಕೈ ಹಿಂದಕ್ಕೆಳೆದುಕೊಂಡ. ಪ್ರತಿದಿನ ತಾನು ನಿಲ್ಲುವುದು ಆ ಮನುಷ್ಯ ಎತ್ತಿದ ಹೊರೆಯ ಕೆಳಗೆ.

ಮರುದಿನ ಊಟದ ಬಿಡುವಿನಲ್ಲಿ, ಕ್ರೇನಿನ ಬುಡದಲ್ಲಿ, ಸೀಟಿ ನೇರವಾಗಿ ಕೇಳಿದ. "ಭಾವ, ನಿಂಗೆ ಎಷ್ಟು ಕಾಣುತ್ತೆ?"

ಭಾವ ಮೊದಲು ರೇಗಿದ. ಆಮೇಲೆ ಸುತ್ತ ಯಾರೂ ಇಲ್ಲವೆಂದು ತಲೆ ತಿರುಗಿಸಿ ನೋಡಿ, ದನಿ ತಗ್ಗಿಸಿದ. "ಪೈಪಿನೊಳಗಿಂದ ನೋಡಿದ ಹಾಗೆ. ಎದುರಿಗಿರೋದು ಚೆನ್ನಾಗೇ ಕಾಣುತ್ತೆ. ಸುತ್ತ ಇಲ್ಲ. ಕತ್ತಲಾದ್ರೆ ಏನೂ ಇಲ್ಲ. ಡಾಕ್ಟರ್ ಹೇಳಿದ್ರು, ಇದಕ್ಕೆ ಔಷಧಿ ಇಲ್ವಂತೆ. ನಮ್ಮ ಸೋದರಮಾವನಿಗೂ ಹಿಂಗೇ ಆಗಿತ್ತು."

"ಅಕ್ಕಂಗೆ?"

"ಹೇಳಿಲ್ಲ. ನೀನೂ ಹೇಳಬೇಡ."

"ಹೇಳದೆ? ಮೇಲೆ ಕೂತು ಟನ್‌ಗಟ್ಟಲೆ ಕಬ್ಬಿಣ ಆಡಿಸ್ತೀಯಲ್ಲ ಭಾವ!"

"ಎದುರಿಗೆ ಕಾಣುತ್ತೆ ಅಂದ್ನಲ್ಲ. ಉಳಿದಿದ್ದು ನೀನು ಹೇಳು. ರೇಡಿಯೋ ಇದೆ, ನೀನಿದೀಯ." ಅವನು ಸೀಟಿಯ ಮೊಣಕೈ ಹಿಡಿದುಕೊಂಡ. "ಈ ಕಟ್ಟಡ ಒಂದು ಮುಗಿಸಿಬಿಡ್ತೀನಿ ಕಣೋ. ಅರ್ಧಕ್ಕೆ ಇಳಿಸಿದ್ರೆ ನಾನು ಏನಾಗಿ ಉಳೀಲಿ? ಮೆಟ್ಟಿಲ ಕೆಳಗೆ ಕೂತು ಗೇಟು ಕಾಯೋಕೂ ಆಗಲ್ಲ, ಕಣ್ಣಿಲ್ಲದವನನ್ನ ಯಾರು ಇಟ್ಕೋತಾರೆ?"

ಸೈಕಲ್ ಕಲಿಸಿದ ಕೈ ಅದು. ಸೀಟಿ ತಲೆಯಾಡಿಸಿದ.

ಅಂದಿನಿಂದ ಅವನ ಬಾಯಿಗೆ ಬಿಡುವಿರಲಿಲ್ಲ. "ಬಲಕ್ಕೆ ಇಬ್ಬರು ನಿಂತಿದ್ದಾರೆ. ಕಂಬ ಹತ್ತಿರ ಬಂತು. ಎಡಕ್ಕೆ ಖಾಲಿ, ಬಾ." ಬೇರೆ ಕೆಲಸಗಾರರು "ಸೀಟಿ ಈಗ ಕಾಮೆಂಟರಿ ಶುರು ಹಚ್ಕೊಂಡಿದ್ದಾನೆ" ಎಂದು ನಗುತ್ತಿದ್ದರು. ಭಾವನೂ ಸಂಜೆ ಹುರುಪಿನಿಂದ ಇಳಿದು ಬರುತ್ತಿದ್ದ. ಕೆಲವು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ನಡೆದಷ್ಟೂ ಸೀಟಿಯ ಭಯ ಕಡಿಮೆಯಾಯಿತು. ಕೊನೆಕೊನೆಗೆ, ಇದರಲ್ಲೇನೂ ತಪ್ಪಿಲ್ಲವೆಂದೇ ಅವನಿಗೆ ಅನ್ನಿಸತೊಡಗಿತು.

ಮೋಡ ಕವಿದ ಒಂದು ಮಧ್ಯಾಹ್ನ ಹಲಗೆಗಳ ಕಟ್ಟೊಂದು ಮೇಲಿನ ಮಹಡಿಗೆ ಬರುತ್ತಿತ್ತು. ಸೀಟಿ ಅಲ್ಲೇ ನಿಂತು ದಾರಿ ಹೇಳುತ್ತಿದ್ದ. ಹಲಗೆ ಜೋಡಿಸುವ ಬಡಗಿ ಬದಿಗೆ ಸರಿದು ನಿಂತಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು, ಕಿವಿಯ ಮೇಲೆ ಸದಾ ಪೆನ್ಸಿಲ್, ಎಲ್ಲರಿಗೂ ಬೇಕಾದವನು. ಹೊರೆ ಇಳಿಯುತ್ತಿದ್ದಾಗ, ತಾನು ಬಿಟ್ಟುಬಂದ ಸುತ್ತಿಗೆ ಅದರಡಿ ಸಿಕ್ಕಿಬಿಡುತ್ತದೆಂದು ಅವನಿಗೆ ನೆನಪಾಗಿರಬೇಕು. ಹೊರೆಯ ಆಚೆ ಬದಿಯಿಂದ ಬಗ್ಗಿ ಬಂದ. ಸೀಟಿಗೂ ಅವನಿಗೂ ನಡುವೆ ಹಲಗೆಗಳ ಕಟ್ಟೇ ಗೋಡೆಯಂತಿತ್ತು. ಸೀಟಿಗೆ ಅವನು ಕಾಣುವಂತೆಯೇ ಇರಲಿಲ್ಲ. ಕಾಣಬೇಕಾದದ್ದು ಮೇಲಿನವನಿಗೆ.

"ಎಡಕ್ಕೆ ಖಾಲಿ, ಬಾ," ಎಂದ ಸೀಟಿ.

ಹೊರೆ ಎಡಕ್ಕೆ ಸರಿಯಿತು. ಒಂದು ಕೂಗು ಕೇಳಿತು, ಅಷ್ಟೆ. ಹೊರೆ ತಳ್ಳಿದ್ದರಿಂದ ಬಡಗಿ ಅಂಚಿನಿಂದ ಕೆಳಗಿನ ಮಹಡಿಗೆ ಬೆನ್ನು ಕೆಳಗಾಗಿ ಬಿದ್ದಿದ್ದ. ರೇಡಿಯೋದಲ್ಲಿ ಭಾವನ ದನಿ ಮತ್ತೆ ಮತ್ತೆ ಬರುತ್ತಿತ್ತು: "ಏನಾಯ್ತೋ? ಯಾರೋ ಅದು? ಏನಾಯ್ತು ಹೇಳೋ!"

ಬಡಗಿ ಸಾಯಲಿಲ್ಲ. ಸೊಂಟದಿಂದ ಕೆಳಗೆ ಅವನಿಗೆ ಮತ್ತೆ ಜೀವ ಬರಲಿಲ್ಲ.

ವಿಚಾರಣೆಗೆ ಬಂದ ಸುರಕ್ಷತಾ ಅಧಿಕಾರಿ ಆಫೀಸಿನ ಶೆಡ್ಡಿನಲ್ಲಿ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಸಿದ. ಯಾರನ್ನು ಕೇಳಿದರೂ ಒಂದೇ ಉತ್ತರ: ಬಡಗಿ ತಾನಾಗಿ ಹೊರೆಯ ಕೆಳಗೆ ನುಗ್ಗಿದ. ಅದು ಸುಳ್ಳೂ ಆಗಿರಲಿಲ್ಲ. ಸೀಟಿಯ ಸರದಿ ಬರುವ ಹೊತ್ತಿಗೆ ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿಯಾಗಿತ್ತು.

"ನೀನೂ ಅದನ್ನೇ ಹೇಳ್ತೀಯಲ್ಲ? ಅವನದೇ ತಪ್ಪು ಅಂತ?"

ಹೂಂ ಎಂದರೆ ಮುಗಿಯುತ್ತಿತ್ತು. ಹೊರಗೆ ಬೆಂಚಿನ ಮೇಲೆ ಭಾವ ಕೂತಿದ್ದ. ಕಿಟಕಿಯಿಂದ ಅವನ ಹೆಗಲು ಕಾಣುತ್ತಿತ್ತು. ಬಡಗಿಯ ತಪ್ಪೆಂದು ಬರೆದುಬಿಟ್ಟರೆ ಅವನ ಮನೆಯವರಿಗೆ ಯಾರೂ ಪರಿಹಾರ ಕೊಡುವುದಿಲ್ಲ ಎಂಬುದು ಸೀಟಿಗೆ ಗೊತ್ತಿತ್ತು. ನಾಳೆಯಿಂದ ಭಾವ ಮತ್ತೆ ಮೇಲೆ ಹತ್ತುತ್ತಾನೆ ಎಂಬುದೂ ಗೊತ್ತಿತ್ತು.

"ಇಲ್ಲ ಸಾರ್," ಎಂದ. "ಮೇಲಿದ್ದವರಿಗೆ ಪಕ್ಕದ್ದು ಕಾಣಲ್ಲ. ಕಣ್ಣು ಹೋಗ್ತಾ ಇದೆ. ನನಗೆ ಗೊತ್ತಿತ್ತು. ಇಬ್ಬರೂ ಸೇರಿ ಮುಚ್ಚಿಟ್ವಿ."

ಅಧಿಕಾರಿ ಪೆನ್ನಿನ ಮುಚ್ಚಳ ಮತ್ತೆ ತೆಗೆದ.

ಇಬ್ಬರ ಕೆಲಸವೂ ಹೋಯಿತು. ಕೇಸೂ ಆಯಿತು. ಭಾವ ಕೋರ್ಟಿನಲ್ಲಿ ಒಂದನ್ನೂ ಅಲ್ಲಗಳೆಯಲಿಲ್ಲ. ಅವನು ಕಂಡದ್ದನ್ನು ಕಂಡೆ, ಕಾಣದ್ದನ್ನು ಕಾಣಲಿಲ್ಲ ಎಂದ. ಜೈಲು ತಪ್ಪಿದ್ದು ಅವನ ಕಣ್ಣಿನ ಸ್ಥಿತಿ ನೋಡಿ ಎಂದು ವಕೀಲ ಹೇಳಿದ. ಸೀಟಿಯನ್ನು ಬೈದು ಬಿಟ್ಟರು.

ಬೈಗುಳಕ್ಕಿಂತ ಕಷ್ಟವಾದದ್ದು ಅಕ್ಕನನ್ನು ಎದುರಿಸುವುದು. ಸುದ್ದಿ ತಿಳಿದ ಸಂಜೆ ಅವಳು ಲಾಂಡ್ರಿಯ ಏಪ್ರನ್ನನ್ನೂ ಬಿಚ್ಚದೆ ಹಾಲ್‌ನ ನಡುವೆ ನಿಂತಿದ್ದಳು. ಗಂಡನ ವಿರುದ್ಧ ತಮ್ಮ ಸಾಕ್ಷಿ ಹೇಳಿದನೆಂದು ಅವಳು ಹಾರಾಡುತ್ತಾಳೆ ಎಂದೇ ಸೀಟಿ ಎಣಿಸಿದ್ದ.

"ಆಫೀಸರ್ ಮುಂದೆ ಬಾಯಿ ಬಿಟ್ಟೆ. ಸರಿ," ಎಂದಳು. "ನನ್ನ ಮುಂದೆ ಯಾಕೆ ಬಿಡಲಿಲ್ಲ? ನಾನು ಅವತ್ತೇ ಅವನನ್ನ ಎಳ್ಕೊಂಡು ಕೆಳಗಿಳಿಸ್ತಿದ್ದೆ. ಒಂದೇ ಮನೇಲಿ, ಒಂದೇ ಸೋಫಾದಲ್ಲಿ ಕೂತು, ಇಬ್ಬರೂ ಸೇರಿ ನನ್ನನ್ನ ಕುರುಡಿ ಮಾಡಿದ್ರಲ್ಲೋ."

ಭಾವ ತಲೆ ತಗ್ಗಿಸಿ ಕೂತಿದ್ದ. ಅವಳು ಅವನ ಕಡೆಗೂ ತಿರುಗಿದಳು. "ನಿನಗೆ ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ವಾ?"

ಅಕ್ಕ ಬಹಳ ದಿನ ಇಬ್ಬರಿಗೂ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಸೀಟಿ ಗೋದಾಮೊಂದರಲ್ಲಿ ಪೆಟ್ಟಿಗೆ ಹೊರುವ ಕೆಲಸ ಹಿಡಿದು ಬೇರೆ ಕೋಣೆ ಮಾಡಿಕೊಂಡ. ದೊಡ್ಡ ಟಿವಿಯನ್ನು ಅಕ್ಕ ಲಾಂಡ್ರಿಯ ಗೆಳತಿಯೊಬ್ಬಳಿಗೆ ಕೊಟ್ಟುಬಿಟ್ಟಳೆಂದು ಆಮೇಲೆ ಕೇಳಿದ.

ಭಾನುವಾರಗಳಂದು ಅವನು ಬಡಗಿಯ ಮನೆಗೆ ಹೋಗತೊಡಗಿದ. ಮೊದಲ ಸಲ ಬಡಗಿಯ ಹೆಂಡತಿ ಬಾಗಿಲು ತೆರೆದು, ಅವನನ್ನು ನೋಡಿ ಮುಚ್ಚಿದಳು. ಎರಡನೆಯ ಸಲವೂ ಹಾಗೇ. ಮತ್ತೊಂದು ಸಲ ಹೋದಾಗ ಅವಳಿಗೆ ಸೊಂಟ ಉಳುಕಿತ್ತು. ಗಂಡನನ್ನು ಮಂಚದಿಂದ ಗಾಲಿಕುರ್ಚಿಗೆ ಎತ್ತಲು ಯಾರೂ ಇರಲಿಲ್ಲ. ಅಂದು ಒಳಗೆ ಬಿಟ್ಟಳು. ಆಮೇಲೆ ಅದೇ ವಾಡಿಕೆಯಾಯಿತು. ಸೀಟಿ ಅವನನ್ನು ಎತ್ತಿ ಸ್ನಾನಕ್ಕೆ ಕೂರಿಸುತ್ತಿದ್ದ, ಬೆನ್ನು ಒರೆಸುತ್ತಿದ್ದ, ಮಗ್ಗುಲು ಬದಲಿಸುತ್ತಿದ್ದ. ಬಡಗಿ ನೀರು ಬಿಸಿಯಿದೆ, ತಣ್ಣಗಿದೆ ಎನ್ನುವುದು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ.

ಒಂದು ದಿನ ಭಾವ ಕೋಲು ಹಿಡಿದು ಸೀಟಿಯ ಕೋಣೆಗೇ ಬಂದ. "ನನ್ನೂ ಕರ್ಕೊಂಡು ಹೋಗು," ಎಂದ. ಬೆಳಿಗ್ಗೆಯೇ ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿದ್ದ. ಅಕ್ಕನೇ ಇಸ್ತ್ರಿ ಮಾಡಿಕೊಟ್ಟಿರಬೇಕು.

ಬಡಗಿಯ ಕೋಣೆಯಲ್ಲಿ ಭಾವ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಬಳಿಯೇ ನಿಂತ. ಮುಖವನ್ನು ಅತ್ತ ಇತ್ತ ತಿರುಗಿಸಿ ಮಂಚವನ್ನು ಹುಡುಕಿದ. ಬಡಗಿ ಅವನು ಹುಡುಕುವುದನ್ನು ಸುಮ್ಮನೆ ನೋಡುತ್ತಿದ್ದ. ಸಹಾಯಕ್ಕೆ ಒಂದು ಕೆಮ್ಮೂ ಕೆಮ್ಮಲಿಲ್ಲ. ಕೊನೆಗೆ ಭಾವನ ನೋಟ ಅವನ ಮುಖದ ಮೇಲೆ ಬಂದು ನಿಂತಿತು.

"ನಾನು..." ಎಂದು ಭಾವ ಬಾಯಿ ತೆರೆದ.

"ಗೊತ್ತು," ಎಂದ ಬಡಗಿ. "ಬಂದೆಯಲ್ಲ, ಸರಿ. ನೋಡಿದೆಯಲ್ಲ, ಅದೂ ಸರಿ. ಇನ್ಮೇಲೆ ಬರಬೇಡ. ಇವನು ಬರಲಿ, ಇವನಿಂದ ಎತ್ತೋ ಕೆಲಸ ಇದೆ. ನಿನ್ನಿಂದ ನನಗೆ ಏನೂ ಆಗಬೇಕಾಗಿಲ್ಲ."

ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಭಾವ ತಲೆಬಾಗಿಸಿ, ಗೋಡೆ ಸವರಿಕೊಂಡು ಹೊರಗೆ ಹೋದ. ಸೀಟಿ ತನ್ನ ಕೆಲಸ ಮುಗಿಸಿ ಬರುವವರೆಗೂ ಬೀದಿಯ ಅಂಚಿನಲ್ಲಿ ಕಾದು ನಿಂತಿದ್ದ.

ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಭಾವ ಸೀಟಿಯ ಮೊಣಕೈ ಹಿಡಿದಿದ್ದ. "ತುಂಬಾ ಇಳಿದುಹೋಗಿದ್ದಾನಾ? ನನಗೆ ಮುಖ ಅಷ್ಟೇ ಕಾಣಿಸ್ತು," ಎಂದ.

ಸಮಾಧಾನದ ಮಾತೊಂದು ಸೀಟಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಹೂಂ ಭಾವ," ಎಂದ. "ಕಾಲು ಕಡ್ಡಿ ಆಗಿಬಿಟ್ಟಿವೆ. ಬೆನ್ನ ಮೇಲೆ ಹುಣ್ಣು ಎದ್ದಿದೆ. ಒಂದು ವಾಸಿ ಆದ್ರೆ ಇನ್ನೊಂದು."

ಭಾವ ಹೂಂಗುಟ್ಟಿದ. ಬಸ್ಸು ಬಂತು. ಸೀಟಿ ಮೊದಲು ಅವನನ್ನು ಹತ್ತಿಸಿ, ಹಿಂದೆಯೇ ತಾನೂ ಹತ್ತಿದ.