ಕಡಲಿಗೆ ಹೋದ ಬಲೂನು

ಸಾಲಿಗ್ರಾಮದ ದೇವುಗೆ ಜೀಪು ಓಡಿಸುವುದು ಗೊತ್ತಿತ್ತೇ ಹೊರತು ಆಕಾಶದ ಸಂಗತಿ ಗೊತ್ತಿರಲಿಲ್ಲ. ಆದರೂ 2008ರ ಆ ಫೆಬ್ರವರಿ ಬೆಳಿಗ್ಗೆ, ಗಾಳಿ ಅಳೆಯುವ ಬಲೂನು ಎಲ್ಲಿ ಬೀಳುತ್ತದೆಂದು ಅವನು ಎದೆ ತಟ್ಟಿ ಹೇಳಿಬಿಟ್ಟ.

"ಹ್ವಾದ್ ವರ್ಷ ಇದೇ ತಿಂಗ್ಳ್ ಅಮಾಸೆಬೈಲಂಗೆ ಬಿದ್ದದ್ದ್ ಮೇಡಂ. ಈ ಸಲವೂ ಅಲ್ಲೇ. ಮುಂಚೆ ಹೋಯಿ ಕೂಕಂಬ."

ಸಂಶೋಧನೆಗೆಂದು ಊರಿಗೆ ಬಂದಿದ್ದ ಪ್ರಫುಲ್ಲಾ ಒಪ್ಪಿದಳು. ಅವಳ ಜೊತೆಯವರು ಕೋಟದ ಮೈದಾನದಲ್ಲಿ ಬಲೂನು ಬಿಟ್ಟು, ಅದು ಎತ್ತ ಹೋಗುತ್ತದೆಂದು ನೋಡಲು ಉಪಕರಣದ ಮುಂದೆ ಕುಳಿತರು. ಇವರಿಬ್ಬರೂ ಜೀಪಿನಲ್ಲಿ ಘಟ್ಟದ ಬುಡದ ಅಮಾಸೆಬೈಲಿಗೆ ಹೊರಟರು.

ಕಳೆದ ಸಲ ಬಲೂನಿಗೆ ಕಟ್ಟಿದ್ದ ಉಪಕರಣದ ಪೆಟ್ಟಿಗೆ ಬಿದ್ದದ್ದು ಅಲ್ಲಿನ ರೈತ ಐತನ ಹುಲ್ಲುಬಣವೆಯ ಮೇಲೆ. ದೇವು ಮೊದಲೇ ಫೋನು ಮಾಡಿದ್ದರಿಂದ, ಇವರು ತಲುಪುವಾಗ ಐತ ಮನೆಮಂದಿಯನ್ನೆಲ್ಲ ಅಂಗಳಕ್ಕೆ ಕರೆದು ಮೇಲೆ ನೋಡುತ್ತ ನಿಂತಿದ್ದ. ಬಹಳ ಹೊತ್ತಿನ ಮೇಲೆ ಕೋಟದಿಂದ ಪ್ರಫುಲ್ಲಾಳಿಗೆ ಫೋನು ಬಂತು.

"ಬಲೂನು ಗಂಗೊಳ್ಳಿಯಾಚೆ ಕಡಲ ಮೇಲಿದೆಯಂತೆ!"

ದೇವು ನಂಬಲಿಲ್ಲ. ಒಂದು ಹಿಡಿ ಮಣ್ಣು ಎತ್ತಿ ಬಿಟ್ಟ. ಧೂಳು ಮೂಡಣಕ್ಕೆ ಹಾರಿತು.

"ಕಾಣಿ ಮೇಡಂ, ಗಾಳಿ ಕಡಲಿಂದ ಬತ್ತಾ ಇತ್ತ್. ಬಲೂನ್ ಕಡಲಿಗೆ ಹ್ಯಾಂಗ್ ಹ್ವಾಯ್ತ್?"

"ಇದು ಕೆಳಗಿನ ಗಾಳಿ ದೇವಣ್ಣ. ಮೋಡಗಳಿಗಿಂತ ಎಷ್ಟೋ ಮೇಲೆ ಇನ್ನೊಂದು ಗಾಳಿಯಿದೆ. ವರ್ಷಕ್ಕೂ ಹೆಚ್ಚು ಕಾಲ ಪಡುವಣದಿಂದ ಬೀಸುತ್ತದೆ, ಆಮೇಲೆ ತಿರುಗಿ ಮೂಡಣದಿಂದ. ಹೋದ ವರ್ಷದಿಂದೀಚೆಗೆ ಅದು ತಿರುಗಿಬಿಟ್ಟಿದೆ."

"ಮಳೆಗಾಲ್ದಂಗಾ, ಬೇಸ್ಗಿಯಂಗಾ ತಿರ್ಗೂದ್?"

"ಅದು ಮಳೆಗಾಲ ಬೇಸಿಗೆ ನೋಡುವುದಿಲ್ಲ. ತಿರುಗುತ್ತದೆಂದು ಗೊತ್ತು. ಯಾವಾಗ ಎಂಬುದರಲ್ಲಿ ನಾನೂ ತಪ್ಪಿದೆ."

"ಹ್ವಾಯ್, ಹಂಗಾರೆ ನಾನ್ ಕುತ್ಗಿ ನೋಯ್ಸ್ಕಂಡದ್ದ್ ಎಂತಕ್ಕೆ?" ಎಂದ ಐತ. ಎಲ್ಲರೂ ನಕ್ಕರು. ದೇವುಗೆ ನಗು ಬರಲಿಲ್ಲ. ಇಷ್ಟು ವರ್ಷ ತಲೆಯ ಮೇಲಿದ್ದದ್ದು ಒಂದೇ ಆಕಾಶವೆಂದು ಅವನು ತಿಳಿದಿದ್ದ.

ಸಂಜೆ ಗಂಗೊಳ್ಳಿ ಬಂದರಿನಲ್ಲಿ ಮೀನುಗಾರ ಮುತ್ತುವಿನ ದೋಣಿ ದಡ ಸೇರಿತು. ತೇಲುತ್ತಿದ್ದ ಪೆಟ್ಟಿಗೆಯನ್ನು ಅವನು ಬಾಂಬೆಂದು ಹೆದರಿ, ಉದ್ದದ ಬಿದಿರ ಗಳುವಿನ ತುದಿಗೆ ಕಟ್ಟಿಕೊಂಡು ತಂದಿದ್ದ. ಪ್ರಫುಲ್ಲಾ ಅದನ್ನು ಮಗುವಿನಂತೆ ಎತ್ತಿಕೊಂಡಳು.

ಮನೆಯಲ್ಲಿ ದೇವು ಹೆಂಡತಿ ಕುಸುಮಾವತಿಗೆ ವಿಷಯ ತಿಳಿಸಲು ಹೊರಟ. ಒಂದು ಕೈಯ ಮೇಲೆ ಇನ್ನೊಂದನ್ನು ಹಿಡಿದು ಎರಡನ್ನೂ ಎದುರುಬದುರು ಸರಿಸಿದ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂಬುದೇ ಅವನಿಗೆ ಮರೆತುಹೋಯಿತು.

"ಬಪ್ಪ ವರ್ಷ ಎಲ್ ಬೀಳತ್ತ್?" ಅವಳು ಕೇಳಿದಳು.

ದೇವು ಎರಡೂ ಕೈ ಕೆಳಗಿಳಿಸಿದ.

"ಬಿದ್ಮೇಲೆ ಹೇಳ್ತೆ," ಎಂದ.